ವಿಮಾನ, ರೈಲು ಒಂದೇ ಟಿಕೆಟ್‌ನಲ್ಲಿದ್ದರೆ ರೈಲು ಮಾತ್ರ ಬದಲಿಸಬಹುದಾ?

ಉಡುಪಿಯವರು ಕೇಳಿದ್ದು ಇಷ್ಟು. ಅಪ್ಪ ಅಮ್ಮನಿಗೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ವಿಮಾನ, ಅಲ್ಲಿಂದ ಸ್ಟಟ್‌ಗಾರ್ಟ್‌ಗೆ ರೈಲು, ಹೋಗಿಬರುವುದೆಲ್ಲ ಸೇರಿ ಒಂದೇ ಟಿಕೆಟ್. ಈಗ ತಂಗಿಗೆ ಕಲೋನ್‌ನಲ್ಲಿ ಕೆಲಸ ಆಗಿದೆ, ಮನೆಯೂ ಅಲ್ಲಿಗೇ ಹೋಗಿದೆ. ರೈಲಿನ ಭಾಗ ಮಾತ್ರ ಬದಲಿಸಬಹುದಾ, ಅಥವಾ ಆ ರೈಲು ಹತ್ತದೆ ಬೇರೆ ಟಿಕೆಟ್ ತೆಗೆದು ಕಲೋನ್‌ಗೆ ಹೋದರೆ ಆಗುತ್ತದಾ?

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಯಾರಿಗೂ ಹೇಳದೆ ಸುಮ್ನೆ ರೈಲು ಬಿಡಬೇಡಿ ಮಾರಾಯ್ರೆ. ನಮ್ಮ ಅಕ್ಕ ಭಾವನಿಗೆ ಮಂಗಳೂರಿನ ಒಬ್ಬ ಏಜೆಂಟ್ "ರೈಲಲ್ವಾ, ಹತ್ತದಿದ್ದರೆ ಎಂತ ಆಗುತ್ತದೆ" ಎಂದು ಧೈರ್ಯ ಕೊಟ್ಟಿದ್ದರು. ಅವರು ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಅಳಿಯನ ಕಾರಿನಲ್ಲಿ ಆರಾಮವಾಗಿ ಮನೆಗೆ ಹೋದರು. ಆಮೇಲೆ ನೋಡಿದರೆ ವಾಪಸ್ ಬರುವ ಸೀಟುಗಳೇ ಬುಕಿಂಗ್‌ನಲ್ಲಿ ಇಲ್ಲ. ರೈಲಿಗೂ ವಿಮಾನದ ಹಾಗೆಯೇ ನಂಬರ್ ಇತ್ತು, ಇವರು ಹತ್ತಲಿಲ್ಲ, ನೋ-ಶೋ ಎಂದು ದಾಖಲಾಯಿತು, ಅದರ ಮುಂದಿನದೆಲ್ಲ ರದ್ದು. ಅದನ್ನು ಮತ್ತೆ ಸರಿ ಮಾಡಿಸಲು ಫೋನು, ಇ-ಮೇಲು, ಮೇಲಿಂದ ದುಡ್ಡು. ಏಜೆಂಟ್ ಮಾತ್ರ "ಅದು ಕಂಪನಿಯ ರೂಲ್ಸ್" ಎಂದು ಕೈ ತೊಳೆದುಕೊಂಡರು.

ಇಲ್ಲಿ ಜಾಸ್ತಿ ಜನರಿಗೆ ತಪ್ಪುವುದು ಒಂದೇ ಕಡೆ. ಹೋಗುವಾಗಿನ ರೈಲು ಕೊನೆಯ ತುಂಡು, ಬಿಟ್ಟರೆ ನಷ್ಟ ಇಲ್ಲ ಎಂದುಕೊಳ್ಳುತ್ತಾರೆ. ಹೋಗಿಬರುವ ಟಿಕೆಟ್‌ನಲ್ಲಿ ಅದು ಕೊನೆಯದಲ್ಲ, ನಡುವಿನದು. ವಾಪಸ್ ಬರುವಾಗ ಇನ್ನೂ ಕಷ್ಟ, ಏಕೆಂದರೆ ರೈಲೇ ಮೊದಲು. ಸ್ಟಟ್‌ಗಾರ್ಟ್‌ನಲ್ಲಿ ಹತ್ತದೆ ಕಲೋನ್‌ನಿಂದ ನೇರ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಬಂದರೆ ಕೌಂಟರ್‌ನಲ್ಲಿ "ನಿಮ್ಮ ಬುಕಿಂಗ್ ಇಲ್ಲ" ಎನ್ನಬಹುದು. ವಯಸ್ಸಾದವರನ್ನು ಆ ಪರಿಸ್ಥಿತಿಗೆ ಬಿಡುವುದು ಬೇಡ.

ಈಗ ನಿಮ್ಮ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದರೆ ನಿಮ್ಮದು ಯಾವ ಬಗೆಯ ಟಿಕೆಟ್ ಎಂದು ಗೊತ್ತಾಗಬೇಕು. ಜರ್ಮನಿಯಲ್ಲಿ ಎರಡು ಬಗೆ ಇದೆ. ಜರ್ಮನ್ ವಿಮಾನ ಕಂಪನಿ ಲುಫ್ತಾನ್ಸದ ಎಕ್ಸ್‌ಪ್ರೆಸ್ ರೈಲ್ ಎನ್ನುವುದರಲ್ಲಿ ಇಂಥದೇ ರೈಲು, ಇಂಥದೇ ಸಮಯ, ಅದಕ್ಕೊಂದು ವಿಮಾನದ ಹಾಗೆ ಎಲ್‌ಎಚ್ (ಲುಫ್ತಾನ್ಸದ ಕೋಡ್) ನಂಬರ್, ಚೆಕ್-ಇನ್ ಕೂಡ ಮಾಡಬೇಕು. ಊರಿಗೂ ವಿಮಾನ ನಿಲ್ದಾಣದ ಹಾಗೆ ಕೋಡ್ ಇರುತ್ತದೆ, ಸ್ಟಟ್‌ಗಾರ್ಟ್ ರೈಲು ನಿಲ್ದಾಣದ್ದು ಝಡ್‌ಡಬ್ಲ್ಯೂಎಸ್. ಇನ್ನೊಂದು ರೈಲ್ ಅಂಡ್ ಫ್ಲೈ. ಇದು ವೋಚರ್ ಥರ, ಕೋಡ್ ಹಾಕಿ ಜರ್ಮನ್ ರೈಲ್ವೆಯ ಟಿಕೆಟ್ ಇಳಿಸಿಕೊಳ್ಳಬೇಕು. ಒಂದೇ ರೈಲಿಗೆ ಕಟ್ಟಿಹಾಕುವುದಿಲ್ಲ, ಹೋಗುವಾಗ ವಿಮಾನ ಇಳಿದ ದಿನ ಅಥವಾ ಮರುದಿನ, ಬರುವಾಗ ವಿಮಾನದ ದಿನ ಅಥವಾ ಹಿಂದಿನ ದಿನ ಪ್ರಯಾಣ ಮಾಡಬಹುದು. ನಮ್ಮ ಪಕ್ಕದ ಮನೆಯವರದ್ದು ಇದೇ ಆಗಿತ್ತು, ಅವರಿಗೆ ತಲೆಬಿಸಿಯೇ ಆಗಲಿಲ್ಲ. ಆದರೆ ವಿಮಾನದ ದಿನಾಂಕ ಬದಲಿಸಿದರೆ ಹಳೆಯ ರೈಲು ಟಿಕೆಟ್ ನಡೆಯುತ್ತದೆ ಎಂದು ನಂಬಬೇಡಿ, ಹೊಸ ಕೋಡ್ ಕೇಳಿ ತೆಗೆದುಕೊಳ್ಳಿ.

ನಿಮ್ಮದು ಮೊದಲನೆಯ ಬಗೆ ಆದರೆ ಬದಲಾವಣೆ ಸಾಧ್ಯ ಇದೆ, ಆದರೆ ನೀವು ಕೇಳುತ್ತಿರುವುದು ದಿನಾಂಕದ ಬದಲಾವಣೆ ಅಲ್ಲ, ಊರಿನ ಬದಲಾವಣೆ. ಅದು ಆ್ಯಪ್‌ನಲ್ಲಿ ಹೆಚ್ಚಾಗಿ ಆಗುವುದಿಲ್ಲ, ಫೋನೇ ಮಾಡಬೇಕು. ಟಿಕೆಟ್ ಏಜೆಂಟ್ ಮೂಲಕ ತೆಗೆದಿದ್ದರೆ ಕಂಪನಿಯವರು ತಿರುಗಿ ಏಜೆಂಟ್ ಹತ್ತಿರವೇ ಕಳಿಸುತ್ತಾರೆ, ಹಾಗಾಗಿ ಅಲ್ಲಿಂದಲೇ ಶುರು ಮಾಡಿ, ಅವರ ಸರ್ವಿಸ್ ಚಾರ್ಜ್ ಎಷ್ಟು ಎಂದು ಮೊದಲೇ ಕೇಳಿ.

ದುಡ್ಡಿನ ವಿಷಯದಲ್ಲಿ ಒಂದು ವಿಚಿತ್ರ ಇದೆ. ರೈಲು ತೆಗೆದುಹಾಕಿ, ಬರೀ ಫ್ರಾಂಕ್‌ಫರ್ಟ್‌ವರೆಗೆ ಮಾಡಿಕೊಡಿ ಎಂದರೆ ಕಡಿಮೆ ಆಗಬೇಕು ಅಲ್ವಾ? ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ. ಒಂದು ತುಂಡು ಮುಟ್ಟಿದರೆ ಇಡೀ ಟಿಕೆಟ್‌ಗೆ ಹೊಸದಾಗಿ ಲೆಕ್ಕ ಹಾಕುತ್ತಾರೆ, ನೇರ ವಿಮಾನದ ದರವೇ ದುಬಾರಿ ಇರಬಹುದು. ಅದಕ್ಕೆ ಫೋನಿನಲ್ಲಿ ಎರಡೂ ಕೇಳಿ, ಸ್ಟಟ್‌ಗಾರ್ಟ್ ಬದಲು ಕಲೋನ್ ಹಾಕಿದರೆ ಎಷ್ಟು, ರೈಲೇ ಬೇಡ ಎಂದರೆ ಎಷ್ಟು. "ಚೇಂಜ್ ಫೀ ಇಲ್ಲ" ಎಂದರೆ ಖುಷಿ ಪಡಬೇಡಿ, ದರದ ವ್ಯತ್ಯಾಸ ಬೇರೆಯೇ ಇರುತ್ತದೆ. ಬದಲಾದ ಮೇಲೆ ಹೊಸ ಇ-ಟಿಕೆಟ್ ಬಂತಾ ನೋಡಿ, 13 ಅಂಕಿಯ ಟಿಕೆಟ್ ನಂಬರ್ ಇರಬೇಕು. ಬುಕಿಂಗ್‌ನಲ್ಲಿ ಬದಲಾಗಿ ಟಿಕೆಟ್ ಮಾತ್ರ ಹಳೆಯದೇ ಉಳಿದರೆ ಕೌಂಟರ್‌ನಲ್ಲಿ ರಗಳೆ. ಇನ್ನೊಂದು, ಕಂಪನಿಯೇ ವಿಮಾನದ ಸಮಯ ಬದಲಿಸಿ ನಿಮಗೆ ಮೇಲ್ ಕಳಿಸಿದ್ದರೆ ಕೂಡಲೇ ಒಪ್ಪಿಗೆ ಒತ್ತಬೇಡಿ. ಅಂಥ ಹೊತ್ತಿನಲ್ಲಿ ದುಡ್ಡಿಲ್ಲದೆ ಬದಲಿಸಿಕೊಡುವ ಸಾಧ್ಯತೆ ಜಾಸ್ತಿ.

ಕಲೋನ್ ಸಿಕ್ಕರೆ ಒಳ್ಳೆಯದೇ, ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ವೇಗದ ರೈಲಿನಲ್ಲಿ ಒಂದು ಗಂಟೆಯ ದಾರಿ. ಆದರೆ ಯಾವ ನಿಲ್ದಾಣ ನೋಡಿಕೊಳ್ಳಿ. ಕೆಲವು ರೈಲು ಮುಖ್ಯ ನಿಲ್ದಾಣಕ್ಕೆ ಹೋಗುತ್ತವೆ, ಕೆಲವು ನದಿಯ ಆಚೆ ದಡದ ಮೆಸ್ಸೆ ಡಾಯ್ಟ್ಸ್‌ನಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಮಂಗಳೂರು ಸೆಂಟ್ರಲ್‌ನಲ್ಲಿ ಕಾಯುತ್ತಾ ಇರುವಾಗ ನೆಂಟರು ಜಂಕ್ಷನ್‌ನಲ್ಲಿ ಇಳಿದ ಹಾಗೆ ಆಗುತ್ತದೆ. ಬ್ಯಾಗುಗಳನ್ನು ಫ್ರಾಂಕ್‌ಫರ್ಟ್‌ನಲ್ಲೇ ತೆಗೆದುಕೊಂಡು ರೈಲಿಗೆ ತಾವೇ ಒಯ್ಯಬೇಕು ಎಂದೂ ಅಪ್ಪ ಅಮ್ಮನಿಗೆ ಹೇಳಿ. ಹಪ್ಪಳ, ಉಪ್ಪಿನಕಾಯಿ ತುಂಬುವ ಕೈ ಸ್ವಲ್ಪ ಹಿಡಿತದಲ್ಲಿರಲಿ. ವಾಪಸ್ ದಿನಾಂಕ ಮುಂದೆ ಹೋದರೆ ವೀಸಾದ ದಿನಗಳು, ಇನ್ಶೂರೆನ್ಸ್ ಎರಡನ್ನೂ ನೋಡಿ.

ಉಡುಪಿಯಿಂದ ಬೆಂಗಳೂರಿಗೆ ಹೋಗುವ ರೈಲು ಈ ಟಿಕೆಟ್‌ನಲ್ಲಿ ಇಲ್ಲ ತಾನೆ? ಅದು ತಡವಾದರೆ ವಿಮಾನದವರು ಕೇಳುವುದಿಲ್ಲ. ಮಳೆಗಾಲದ ಪ್ರಯಾಣ ಆದರೆ ಒಂದು ದಿನ ಮೊದಲೇ ಬೆಂಗಳೂರು ಸೇರಿಸಿ. 2024ರ ಜುಲೈಯಲ್ಲಿ ಸಕಲೇಶಪುರದ ಘಾಟಿಯಲ್ಲಿ ಯಡಕುಮೇರಿ ಕಡಗರವಳ್ಳಿ ನಡುವೆ ಭೂಕುಸಿತ ಆಗಿ ರೈಲುಗಳು ಎಷ್ಟು ದಿನ ನಿಂತವು ಎಂದು ನಿಮಗೂ ನೆನಪಿರಬಹುದು. ಮಂಗಳೂರಿನ ಬಜಪೆ ನಿಲ್ದಾಣದಿಂದ ವಿಮಾನದಲ್ಲಿ ಹೋದರೂ ಬೇರೆ ಟಿಕೆಟ್ ಆದರೆ ಇದೇ ಮಾತು.

ನಿಮ್ಮ ಟಿಕೆಟ್‌ನಲ್ಲಿ ರೈಲಿನ ಸಾಲಿನಲ್ಲಿ ಎಂತ ಬರೆದಿದೆ, ನಂಬರ್ ಮತ್ತು ಸಮಯ ಇದೆಯಾ ಅಥವಾ ವೋಚರ್ ಎಂದಿದೆಯಾ, ಅಷ್ಟು ಹೇಳಿ. ಪಿಎನ್‌ಆರ್ ಮಾತ್ರ ಇಲ್ಲಿ ಹಾಕಬೇಡಿ, ಹೆಸರು ಗೊತ್ತಿದ್ದವರು ಯಾರು ಬೇಕಾದರೂ ಬುಕಿಂಗ್ ತೆರೆಯಬಹುದು.