ಹೋಲ್‌ಸ್ಟರ್ ಆರಾಮವಾಗಿದ್ದರೆ ಗನ್ ಸೊಂಟದಲ್ಲೇ ಉಳಿಯುತ್ತದೆ

ಟೆಕ್ಸಸ್‌ನಲ್ಲಿರುವ ನಿಮಗೆ ಅಮೆರಿಕದ ಗ್ರೀನ್ ಕಾರ್ಡ್ ಬಂತು, ಹ್ಯಾಂಡ್‌ಗನ್ ತಗೊಂಡಾಯ್ತು, ಬಟ್ಟೆಯೊಳಗೆ ಇಟ್ಟುಕೊಳ್ಳಲು ಯಾವ ಹೋಲ್‌ಸ್ಟರ್, ಅಂದರೆ ಗನ್ ಇಡುವ ಒರೆ, ಆರಾಮ ಎಂದು ಕೇಳಿದ್ದೀರಿ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳು ಎಂದೂ ಬರೆದಿದ್ದೀರಿ. ಮಕ್ಕಳ ಮಾತಿನಿಂದಲೇ ಶುರು ಮಾಡುತ್ತೇನೆ.

2014ರ ಡಿಸೆಂಬರ್ 30ರಂದು ಐಡಹೋದ ಹೇಡನ್‌ನಲ್ಲಿರುವ ವಾಲ್‌ಮಾರ್ಟ್‌ನಲ್ಲಿ ಎರಡು ವರ್ಷದ ಮಗು ಅಮ್ಮನ ಬ್ಯಾಗಿಗೆ ಕೈಹಾಕಿತು. ಗನ್ ಇಡಲೆಂದೇ ಮಾಡಿದ ಜಿಪ್ ಖಾನೆ ಆ ಬ್ಯಾಗಿನಲ್ಲಿತ್ತು. ಗುಂಡು ಹಾರಿ ಅಮ್ಮ ತೀರಿಕೊಂಡರು. ಇದು ನನ್ನ ತಲೆಯಿಂದ ಹೋಗುವುದೇ ಇಲ್ಲ. ಚುಚ್ಚುವ ಹೋಲ್‌ಸ್ಟರ್ ಕೊಂಡರೆ ನಾಲ್ಕೇ ದಿನಕ್ಕೆ ಗನ್ ಸೊಂಟದಿಂದ ಬ್ಯಾಗಿಗೋ ಕಾರಿನ ಖಾನೆಗೋ ಹೋಗಿಬಿಡುತ್ತದೆ. ಅಲ್ಲಿಗೆ ಮಗುವಿನ ಕೈ ಎಟುಕುತ್ತದೆ. ಅದಕ್ಕೇ ಆರಾಮದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕು.

ಕಾನೂನಿನ ಮಾತು ಎರಡೇ. ಗ್ರೀನ್ ಕಾರ್ಡ್ ಇಲ್ಲದೆ ಎಚ್ ಒನ್ ಬಿ ಎಂಬ ಕೆಲಸದ ವೀಸಾದಲ್ಲಿರುವವರು, ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಗನ್ ಇಟ್ಟುಕೊಳ್ಳುವಂತಿಲ್ಲ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಬೇರೆ ಅಡ್ಡಿ ಇಲ್ಲದ, 21 ತುಂಬಿದವರಿಗೆ ಹ್ಯಾಂಡ್‌ಗನ್ ಜೊತೆಗೆ ಒಯ್ಯಲು ಲೈಸೆನ್ಸ್ ಬೇಕಿಲ್ಲ. ಆದರೂ ಮಾಡಿಸಿಕೊಳ್ಳಿ. ಶಾಲೆಯ ಸುತ್ತ 1000 ಅಡಿಯೊಳಗೆ ಫೆಡರಲ್ ನಿರ್ಬಂಧ ಇದೆ, ಆ ಶಾಲೆ ಇರುವ ರಾಜ್ಯದ ಲೈಸೆನ್ಸ್ ಇದ್ದವರಿಗೆ ಅದರಿಂದ ವಿನಾಯಿತಿ. ಮಕ್ಕಳನ್ನು ದಿನಾ ಶಾಲೆಗೆ ಬಿಡುವವರಿಗೆ ಇದು ಬೇಕೇ ಬೇಕು, ಅಲ್ವಾ?

ಈಗ ಹೋಲ್‌ಸ್ಟರ್. ಟ್ರಿಗರ್ ಪೂರ್ತಿ ಮುಚ್ಚುವಂಥ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು ಅಥವಾ ಒಳ್ಳೆಯ ದಪ್ಪ ಚರ್ಮದ್ದು ತೆಗೆದುಕೊಳ್ಳಿ. ಅಗ್ಗದ ನೈಲಾನ್ ಬೇಡ. ಗನ್ ತೆಗೆದ ಕೂಡಲೇ ಆ ಹೋಲ್‌ಸ್ಟರ್‌ನ ಬಾಯಿ ಮುದುಡುತ್ತದೆ, ವಾಪಸ್ ಹಾಕುವಾಗ ಆ ಮಡಿಕೆ ಟ್ರಿಗರ್‌ಗೆ ತಾಗಬಹುದು. ಜಾಕೆಟ್ಟಿನ ದಾರವೂ ಹಾಗೆಯೇ ಸಿಕ್ಕಿಕೊಳ್ಳುತ್ತದೆ. ಅಂಗಿ ಪೂರ್ತಿ ಎತ್ತಿ, ಕಣ್ಣಲ್ಲಿ ನೋಡುತ್ತಾ, ನಿಧಾನವಾಗಿ ಹಾಕಿ.

ಎಲ್ಲಿ ಕಟ್ಟಬೇಕು ಅನ್ನುವುದು ನಿಮ್ಮ ದಿನಚರಿಯ ಮೇಲೆ. ಬಲ ಸೊಂಟದ ಹಿಂಭಾಗದಲ್ಲಿ ಕಟ್ಟಿದರೆ ನಿಂತಾಗ ಆರಾಮ. ಆದರೆ ಮಗುವಿನ ಶೂ ಲೇಸ್ ಕಟ್ಟಲು ಬಗ್ಗಿದಿರಾ, ಗನ್ನಿನ ಹಿಡಿ ಅಂಗಿಯಲ್ಲಿ ಎದ್ದು ಕಾಣುತ್ತದೆ. ಮಗುವನ್ನು ಎತ್ತಿಕೊಂಡಾಗ ಅದರ ಕಾಲು ಅಲ್ಲಿಗೇ ಒತ್ತುತ್ತದೆ. ಚಿಕ್ಕ ಮಕ್ಕಳಿರುವವರಿಗೆ ಹೊಟ್ಟೆಯ ಮುಂದೆ, ಹೊಕ್ಕುಳಿಂದ ಸ್ವಲ್ಪ ಬಲಕ್ಕೆ ಕಟ್ಟುವುದೇ ನನ್ನ ಆಯ್ಕೆ. ಕಣ್ಣ ಮುಂದೆ ಇರುತ್ತದೆ, ಹಿಂದಿನಿಂದ ಯಾರ ಕೈಯೂ ತಾಗುವುದಿಲ್ಲ. ಕೂತಾಗ ತುದಿ ತೊಡೆಯ ಸಂದಿಗೆ ಒತ್ತಿದರೆ ಹೋಲ್‌ಸ್ಟರ್‌ನ ಕೆಳತುದಿಯ ಒಳಬದಿಗೆ ವೆಜ್ ಅನ್ನುವ ಮೆತ್ತನೆಯ ಒತ್ತು ತುಂಡು ಅಂಟಿಸಿ. ತುದಿ ಹೊಟ್ಟೆಯಿಂದ ಸ್ವಲ್ಪ ದೂರ ಬಂದು, ಹಿಡಿ ಒಳಕ್ಕೆ ವಾಲುತ್ತದೆ. ಕ್ಲಾ ಅನ್ನುವ ಚಿಕ್ಕ ಕೊಕ್ಕೆ ಬೆಲ್ಟಿಗೆ ಒತ್ತಿ ಹಿಡಿಯನ್ನು ಮೈಗೆ ತಿರುಗಿಸುತ್ತದೆ. ಇವೆರಡರಿಂದಲೇ ಅರ್ಧ ಕಷ್ಟ ಹೋಗುತ್ತದೆ.

ಇನ್ನರ್ಧ ಬೆಲ್ಟಿನದು. ಮಾಮೂಲಿ ಬೆಲ್ಟ್ ಭಾರಕ್ಕೆ ಜೋಲುತ್ತದೆ, ಆಗ ಬಿಗಿ ಮಾಡಿಕೊಂಡು ಹೊಟ್ಟೆ ನೋವು ತರಿಸಿಕೊಳ್ಳುತ್ತೇವೆ. ಗನ್‌ಗೆಂದೇ ಮಾಡಿದ ಗಟ್ಟಿ ಬೆಲ್ಟ್ ತಗೊಳ್ಳಿ, ಪ್ಯಾಂಟ್ ಒಂದು ಸೈಜ್ ದೊಡ್ಡದಿರಲಿ. ಟೆಕ್ಸಸ್ ಬೇಸಿಗೆಗೆ ಒಳಗೊಂದು ಬನಿಯನ್ ಬೇಕೇ ಬೇಕು. ಕುರ್ತಾ ಲೆಗ್ಗಿಂಗ್ಸ್ ಹಾಕುವ ಅಕ್ಕಂದಿರಿಗೆ ಹೊಟ್ಟೆಗೆ ಸುತ್ತಿಕೊಳ್ಳುವ ಪಟ್ಟಿ, ಬೆಲ್ಲಿ ಬ್ಯಾಂಡ್, ಅನುಕೂಲ, ಆದರೆ ಟ್ರಿಗರ್ ಮೇಲೆ ಗಟ್ಟಿ ಕವಚ ಇರುವಂಥದ್ದನ್ನೇ ನೋಡಿ.

ಕೊಡಗಿನವರಿಗೆ ಕೋವಿ ಹೊಸದಲ್ಲ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆ ಮಾಡಿದ ಕೈಗಳು ಅವು. ಆದರೆ ಇಡೀ ದಿನ ಮೈಮೇಲಿರುವ ಹ್ಯಾಂಡ್‌ಗನ್‌ನ ಅಭ್ಯಾಸ ಅವರಿಗೂ ಬೇರೆಯೇ.

ಹೊರಗಡೆ ಟಾಯ್ಲೆಟ್‌ಗೆ ಹೋದಾಗ ಗನ್ ತೆಗೆದು ಪಕ್ಕದಲ್ಲಿ ಇಡಬೇಡಿ, ಹೋಲ್‌ಸ್ಟರ್‌ನಲ್ಲೇ ಇರಲಿ. ಮನೆಗೆ ಬಂದ ಮೇಲೆ ಹೋಲ್‌ಸ್ಟರ್ ಸಮೇತ ನೇರ ಸೇಫ್‌ಗೆ. 17 ವರ್ಷದೊಳಗಿನ ಮಗುವಿಗೆ ಲೋಡ್ ಆದ ಗನ್ ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ.

ಕೊಂಡ ಮೇಲೆ ಮೊದಲು ಖಾಲಿ ಗನ್ ಹಾಕಿಕೊಂಡು ಮನೆಯಲ್ಲೇ ಓಡಾಡಿ. ನೆಲದ ಮೇಲೆ ಕೂತು ಊಟ ಮಾಡಿ, ಮಗುವನ್ನು ಎತ್ತಿಕೊಳ್ಳಿ, ಕಾರಲ್ಲಿ ಸೀಟ್ ಬೆಲ್ಟ್ ಹಾಕಿ ನೋಡಿ. ಖಾಲಿ ಗನ್ ಇರುವ ಹೋಲ್‌ಸ್ಟರನ್ನು ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಅಲ್ಲಾಡಿಸಿ, ಗನ್ ಜಾರಬಾರದು. ಸರಿ ಹೋಗದಿದ್ದರೆ ವಾಪಸ್ ಕೊಡಿ. ನಿಮ್ಮ ಗನ್ ಯಾವ ಮಾಡೆಲ್, ಅದಕ್ಕೆ ಲೈಟ್ ಹಾಕಿಸಿದ್ದೀರಾ ಅಂತ ಬರೆಯಿರಿ. ಲೈಟ್ ಇದ್ದರೆ ಅದಕ್ಕೆ ಹೊಂದುವ ಹೋಲ್‌ಸ್ಟರೇ ಬೇರೆ.