ಪದಚರ್ಚೆ: ಕಡಲತಳದ ‘ಇಳಿಜಾರು’, ಕಡಲಿನ ‘ಸುಳಿ’, ಬೇರೆ ಮಾತು ಐತಾ?

ಎಲ್ರಿಗೂ ನಮಸ್ಕಾರ. ಹೈಸ್ಕೂಲ್ ಹುಡುಗರಿಗೆ ಸಮುದ್ರದ ಪ್ರವಾಹಗಳ ಬಗ್ಗೆ ಒಂದು ಪಾಠ ಬರೀತಿದೀನಿ, ಎರಡು ಪದದ ಹತ್ರ ಕೈ ನಿಂತೈತೆ. (ದುರ್ಗದಲ್ಲಿ ಕೂತು ಸಮುದ್ರದ ಉಸಾಬರಿ ಯಾಕೆ ಅಂತ ಮನೇಲೂ ಕೇಳ್ತಾರೆ, ಬಿಡಿ.)

ಖಂಡದ ಅಂಚಿಗೆ ಹೊಂದಿರೋ ಆಳ ಕಮ್ಮಿ ಜಾಗ ಮುಗಿದು ಕಡಲತಳ 200 ಮೀಟರ್ ಆಸುಪಾಸಿಂದ 3000 ಮೀಟರ್‌ವರೆಗೂ ಇಳಿಯೋ ಜಾಗಕ್ಕೆ ಪುಸ್ತಕದಲ್ಲಿ ‘ಇಳಿಜಾರು’ ಅಂತೈತೆ. ಅದನ್ನ ಓದಿದ ಹುಡುಗರು ನೀರು ಕೆಳಕ್ಕೆ ಜಾರ್ತದೆ ಅಂದ್ಕೋತಾರೆ, ಆದ್ರೆ ಅಲ್ಲಿ ನಡೆಯೋದೇ ಬೇರೆ, ಭೂಮಿ ತಿರುಗೋದ್ರಿಂದ ದೊಡ್ಡ ಪ್ರವಾಹಕ್ಕೆ ಆಳ ಬದಲಾಯಿಸೋದು ಕಷ್ಟ, ಹಂಗಾಗಿ ಒಂದೇ ಆಳ ಹಿಡ್ಕೊಂಡು ಇಳಿಜಾರಿಗೆ ಅಡ್ಡಡ್ಡ ಹೋಗ್ತದೆ, ನಮ್ ಕಡೆ ಹೊಲದಲ್ಲಿ ಸಮಪಾತಳಿ ಬದು ಹೋದಂಗೆ. ‘ತಪ್ಪಲು’ ಅನ್ನೋಣ ಅಂದ್ಕೊಂಡೆ, ನಮ್ ಜೋಗಿಮಟ್ಟಿ ಬೆಟ್ಟದ ತಪ್ಪಲು ಅಂದ್ರೆ ಯಾರಿಗೂ ಜಾರೋದು ನೆನಪಾಗಲ್ಲ. ಆದ್ರೆ ತಪ್ಪಲು ಅಂದ್ರೆ ಬುಡ, ಕಡಲಲ್ಲಿ ಇಳಿಜಾರಿನ ಬುಡದಲ್ಲಿ ಹೂಳು ಕೂತಿರೋ ಜಾಗಕ್ಕೆ ಬೇರೆ ಹೆಸರೇ ಬೇಕಲ್ಲ. ‘ಓರೆ’ ಸಾಕಾಗ್ತದಾ?

ಇನ್ನೊಂದು ಪದ ‘ಸುಳಿ’. ಹರಿಹರದ ಹೊಳೆ ನೋಡಿದೋರಿಗೆ ಸುಳಿ ಅಂದ್ರೆ ನಿಂತಲ್ಲೇ ತಿರುಗಿ ಒಳಗೆ ಎಳ್ಕೊಳ್ಳೋದು. ಕಡಲಿನದು ಹಂಗಲ್ಲ, ಹತ್ತಾರರಿಂದ ನೂರಾರು ಕಿಲೋಮೀಟರ್ ಅಗಲ ಇರ್ತದೆ, ತಿಂಗಳಗಟ್ಟಲೆ ಬದುಕ್ತದೆ, ತನ್ನ ನೀರನ್ನ ಜೊತೆಗೇ ಹೊತ್ಕೊಂಡು ಊರೂರು ತಿರುಗ್ತದೆ. ಆಫ್ರಿಕಾದ ದಕ್ಷಿಣ ತುದೀಲಿ ಅಗುಲ್ಹಾಸ್ ಪ್ರವಾಹದಿಂದ ಕಳಚಿಕೊಂಡ ಸುಳಿಗಳು ಹಿಂದೂ ಮಹಾಸಾಗರದ ಬೆಚ್ಚನೆ ಉಪ್ಪುನೀರನ್ನ ಅಟ್ಲಾಂಟಿಕ್‌ಗೆ ಸಾಗಿಸ್ತವೆ. ದೊಡ್ಡ ಪ್ರವಾಹ ದಾಟೋಕೆ ಕಷ್ಟಪಡೋ ಇಳಿಜಾರನ್ನ ದಾಟಿಸಿ ಶಾಖ, ಉಪ್ಪು ಸಾಗಿಸೋದ್ರಲ್ಲೂ ಸುಳಿಗಳದ್ದೇ ದೊಡ್ಡ ಪಾಲು, ಆದ್ರೂ ತಳ ಕಡಿದಾದಷ್ಟೂ ಅವುಗಳ ಕಲಕಾಟ ಕಮ್ಮಿ ಆಗ್ತದೆ. ಅಂಟಾರ್ಕ್ಟಿಕಾ ಸುತ್ತ ಇನ್ನೂ ಮಜಾ ಐತೆ, ಗಾಳಿ ಮೇಲಿನ ನೀರಿಗೆ ಕೊಟ್ಟ ನೂಕುಬಲನ ಸುಳಿಗಳು ತಳಕ್ಕೆ ಮುಟ್ಟಿಸ್ತವೆ, ಅಲ್ಲಿ ಕಡಲೊಳಗಿನ ಬೆಟ್ಟಸಾಲು ಪ್ರವಾಹಕ್ಕೆ ಬ್ರೇಕ್ ಹಾಕ್ತದೆ.

ಪದ ಬದಲಾಯಿಸಬೇಕು ಅಂತಿದ್ದೆ, ಮೆಕ್ಕೆಜೋಳದ ಸುಳಿ, ಎತ್ತಿನ ಹಣೆ ಸುಳಿ ಎಲ್ಲ ಬೇರೆ ಗೊಂದಲ. ಆಮೇಲೆ ‘ಸುಳಿದಾಡು’ ಹೊಳೀತು, ‘ಇತ್ತ ಕಡೆ ಸುಳಿಯಲೇ ಇಲ್ಲ’ ಅಂತೀವಲ್ಲ ಅದು, ಬೇಸಿಗೇಲಿ ಬಯಲು ತುಂಬ ಓಡಾಡೋ ಸುಳಿಗಾಳಿನೂ ಹಂಗೇ. ಅಲೆದಾಟ ಆ ಪದದೊಳಗೇ ಐತೆ ಅಂದ್ಮೇಲೆ ‘ಸುಳಿ’ನೇ ಇರ್ಲಿ ಅನ್ಸ್ತದೆ. ‘ಕಡಲ ಸುಳಿ’ ಅಂತ ಬರೀತೀನಿ. ಇಳಿಜಾರಿಗೆ ಮಾತ್ರ ದಾರಿ ಕಾಣ್ತಿಲ್ಲ, ಕರಾವಳಿ ಕಡೆಯೋರು, ಮೀನುಗಾರರ ಮಾತು ಬಲ್ಲೋರು ಯಾರಾದ್ರೂ ಇದ್ರೆ ಅಂಥ ಜಾಗಕ್ಕೆ ನಿಮ್ಮಲ್ಲಿ ಏನಂತಾರೆ ತಿಳಿಸ್ರಪ್ಪ.