ಲೆ ಮಾನ್ಸ್ ಪ್ರೋಟೋಟೈಪ್: ಚಾವಣಿ ಇದ್ದರೆ ಲಾಭವೋ, ಇಲ್ಲದಿದ್ದರೋ?

ಪ್ರಶ್ನೆ: 2010ರಲ್ಲಿ ಫ್ರಾನ್ಸ್‌ನ ಲೆ ಮಾನ್ಸ್ 24 ಗಂಟೆಗಳ ರೇಸ್‌ನಲ್ಲಿ, ಚಾಲಕ ಕೂರುವ ಜಾಗಕ್ಕೆ ಚಾವಣಿಯಿಲ್ಲದ, ಅಂದರೆ ತೆರೆದ ಕಾಕ್‌ಪಿಟ್‌ನ ಪ್ರೋಟೋಟೈಪ್ (ರೇಸಿಗೆಂದೇ ಕಟ್ಟಿದ ಕಾರು) ಆಡಿ ಆರ್15 ಪ್ಲಸ್ 397 ಸುತ್ತು ಓಡಿ ಗೆದ್ದಿತು. ಮರುವರ್ಷವೇ ಆಡಿ ಮುಚ್ಚಿದ ಆರ್18 ತಂದಿತು. ಗೆಲ್ಲುತ್ತಿದ್ದ ವಿನ್ಯಾಸವನ್ನು ಬಿಟ್ಟದ್ದೇಕೆ?

ಉತ್ತರ 1: ಮುಖ್ಯ ಕಾರಣ ಗಾಳಿ. ತೆರೆದ ಕಾರಿನಲ್ಲಿ ಹೆಲ್ಮೆಟ್ಟಿನ ಸುತ್ತ ಗಾಳಿ ಸುಳಿಯಾಗಿ ಒಡೆದು, ಹಿಂದಿನ ರೆಕ್ಕೆಗೆ ಕದಡಿದ ಸ್ಥಿತಿಯಲ್ಲೇ ಹೋಗುತ್ತದೆ. ಚಾವಣಿ ಇದ್ದರೆ ಹರಿವು ನಯವಾಗಿರುತ್ತದೆ. 2011ರ ನಿಯಮ ಎಂಜಿನ್ನನ್ನು ಕುಗ್ಗಿಸಿತು: ಆಡಿಯ 5.5 ಲೀಟರ್ ವಿ10 ಡೀಸೆಲ್ ಜಾಗಕ್ಕೆ 3.7 ಲೀಟರ್ ವಿ6 ಬಂತು. ಶಕ್ತಿ ಕಡಿಮೆಯಾದಾಗ ಉದ್ದದ ನೇರ ರಸ್ತೆಯಲ್ಲಿ ಗಾಳಿಯ ತಡೆ ತಗ್ಗಿಸಲೇಬೇಕು.

ಉತ್ತರ 2: ಪಿಟ್ (ರೇಸಿನ ನಡುವೆ ಕಾರು ನಿಲ್ಲಿಸಿ ಟೈರ್, ಚಾಲಕರನ್ನು ಬದಲಿಸುವ ಜಾಗ) ಲೆಕ್ಕವನ್ನೂ ಸೇರಿಸಿ. ತೆರೆದ ಕಾರಿಗಿದ್ದ ದೊಡ್ಡ ಅನುಕೂಲ ಚಾಲಕರ ಬದಲಾವಣೆ: ಬಾಗಿಲಿಲ್ಲ, ತಲೆ ತಗ್ಗಿಸಬೇಕಿಲ್ಲ. ಆದರೆ ಟೈರ್ ಬದಲಿಸುವ ಮೆಕ್ಯಾನಿಕ್‌ಗಳ ಸಂಖ್ಯೆಗೆ ಮಿತಿ ಬಿದ್ದ ಮೇಲೆ ಟೈರ್ ಕೆಲಸವೇ ಹೆಚ್ಚು ಹೊತ್ತು ಹಿಡಿಯಿತು. ಅಷ್ಟರೊಳಗೆ ಹೊಸ ಚಾಲಕ ಬೆಲ್ಟ್ ಬಿಗಿದು ಕೂತಿರುತ್ತಾನೆ!

ಉತ್ತರ 3: ಮುಚ್ಚಿದ ಕಾರಿನ ಮುಂಗಾಜಿನ ಕಾಟ ಮರೆಯಬೇಡಿ. ರಾತ್ರಿ ಎಣ್ಣೆ, ರಬ್ಬರ್ ಚೂರು, ಹುಳುಗಳು ಮೆತ್ತಿಕೊಂಡಾಗ ವೈಪರ್ ಹಾಕಿದರೆ ಎಲ್ಲ ಬಳಿದುಹೋಗಿ, ಎದುರಿನ ಬೆಳಕೆಲ್ಲ ಚದುರುತ್ತದೆ. ಅದಕ್ಕೇ ಗಾಜಿನ ಮೇಲೆ ಪದರಪದರವಾಗಿ ಪಾರದರ್ಶಕ ಫಿಲ್ಮ್ ಅಂಟಿಸಿ, ಪಿಟ್‌ನಲ್ಲಿ ಒಂದೊಂದೇ ಕಿತ್ತು ತೆಗೆಯುತ್ತಾರೆ. ಮಳೆಯಲ್ಲಿ ಒಳಗಡೆ ಮಂಜು ಕಟ್ಟುತ್ತದೆ. ಬಿಸಿ ಮಾಡುವ ಗಾಜು ಅಥವಾ ಗಾಳಿಕೊಳವೆ ಬೇಕು. ತೂಕ ಸ್ವಲ್ಪ ಏರುತ್ತದೆ, ಅದೂ ಕಾರಿನ ಮೇಲ್ಭಾಗದಲ್ಲಿ. ಆದರೂ ಸುರಕ್ಷತೆಯ ಮುಂದೆ ಇದೆಲ್ಲ ಸಣ್ಣದು. 2011ರಲ್ಲೇ ಎರಡು ಆರ್18ಗಳು ಭೀಕರವಾಗಿ ಅಪ್ಪಳಿಸಿದವು. ಮ್ಯಾಕ್‌ನಿಶ್, ರಾಕೆನ್‌ಫೆಲ್ಲರ್ ಇಬ್ಬರೂ ಚಾಲಕರು ಬದುಕುಳಿದರು.